ನೀಲಗಂಗಮ್ಮ ಕೈ ಎತ್ತಿದ ಭಾನುವಾರ

ಗೋವಿಂದರಾಜನಗರ, ಬೆಂಗಳೂರು
ಸೋಮವಾರ, ೧೬ ಜುಲೈ ೧೯೭೩

ಮುನಿಸಿಕೊಂಡು ಹೋದರೂ ನನಗೆ ಪ್ರಿಯರೇ ಆಗಿರುವ ನನ್ನ ಯಜಮಾನರಿಗೆ,

ನಿಮ್ಮ ದಯಾವತಿಯ ವಂದನೆಗಳು. ಮಾಲೂರಿನಲ್ಲಿ ನೀವೂ ಅಕ್ಕನವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಹೋಗಿ ಇಷ್ಟು ದಿನವಾದರೂ ನೀವು ಒಂದು ಕಾರ್ಡು ಹಾಕಿಲ್ಲ. ಇಲ್ಲಿ ನಾನೂ ಪ್ರೇಮಲೀಲಾಳೂ ಚೆನ್ನಾಗಿದ್ದೇವೆ. ಕೆಮ್ಮಿನ ಔಷಧಿಯ ಸೀಸೆಯನ್ನು ಕಿಟಕಿಯ ಮೇಲೆಯೇ ಬಿಟ್ಟು ಹೋಗಿದ್ದೀರಿ. ಬೈಬಲು ನೆನಪಾಗಿದೆ, ಕೀರ್ತನೆ ಪುಸ್ತಕ ನೆನಪಾಗಿದೆ, ಕ್ಷೌರದ ಸೋಪು ಕೂಡ ನೆನಪಾಗಿದೆ, ಅದೊಂದು ಮಾತ್ರ ನೆನಪಾಗಿಲ್ಲ. ಅಕ್ಕನವರಿಗೆ ಹೇಳಿ ಶುಂಠಿ ಕಷಾಯವನ್ನಾದರೂ ಮಾಡಿಸಿಕೊಳ್ಳಿ.

ನಿನ್ನೆಯ ಸಭೆಯ ಸುದ್ದಿ ಬೇರೆ ಯಾರ ಬಾಯಿಂದಲೋ ನಿಮ್ಮ ಕಿವಿಗೆ ಬೀಳುವ ಮುಂಚೆ ನಾನೇ ಬರೆಯಬೇಕೆಂದು ಕುಳಿತಿದ್ದೇನೆ. ಮೊದಲು ಸುದ್ದಿ, ಆಮೇಲೆ ಕಥೆ. ನಮ್ಮ ಪುಟ್ಟ ಸಭೆ ಬಿಷಪ್ಪರ ಡಯಾಸಿಸ್‌ಗೆ ಸೇರುವುದೆಂದು ತೀರ್ಮಾನವಾಯಿತು. ಸೇರಬೇಕು ಅನ್ನುವವರೇ ಸ್ವಲ್ಪ ಹೆಚ್ಚಾದರು. ಕಾಗದವನ್ನು ಇಲ್ಲಿಗೇ ಮಡಿಸಿ ಇಡಬೇಡಿ. ಮುಂದೆ ಇರುವುದನ್ನು ಓದದಿದ್ದರೆ ನಿಮಗೆ ಅರ್ಧ ಮಾತ್ರ ಗೊತ್ತಾದಂತೆ, ಅದೂ ಕಹಿಯಾದ ಅರ್ಧ.

ನೀವು ಹೋದದ್ದಕ್ಕೆ ಜನರಿಗೆಲ್ಲ ಒಂದು ಕಾರಣ ಹೇಳಿದಿರಿ. ನಾನು ಎದುರಿಗಿದ್ದರೆ ನನ್ನ ಮುಖ ನೋಡಿಕೊಂಡು ಕೈ ಎತ್ತುತ್ತಾರೆ, ಅವರವರ ಮನಸ್ಸಿಗೆ ಬಂದದ್ದನ್ನು ಅವರು ಮಾಡಲಿ ಎಂದಿರಿ. ಎಲ್ಲರೂ ಉಪದೇಶಿಗಳ ದೊಡ್ಡತನ ಎಂದು ತಲೆದೂಗಿದರು. ನಾನೂ ತಲೆದೂಗಿದೆ. ಆದರೆ ನೀವು ಹೊರಟದ್ದು ಅದಕ್ಕಲ್ಲ ಎಂದು ನನಗೆ ಗೊತ್ತು. ಊಟ ಬಡಿಸುವಾಗ ನಾನು ಸೇರುವವರ ಕಡೆಗೇ ಕೈ ಎತ್ತುತ್ತೇನೆ ಎಂದೆ. ನೀವು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದಿರಿ. ಬೆಳಗಾದರೆ ಚೀಲ ಬಾಗಿಲ ಹತ್ತಿರ ಇತ್ತು. ನಮ್ಮ ಮದುವೆಯಾದಾಗಿನಿಂದ ನೀವು ಜಗಳ ಆಡುವ ರೀತಿಯೇ ಇದು, ಬಾಯಿ ಮುಚ್ಚಿ ಬಸ್ಸು ಹತ್ತುವುದು.

ನಿಮಗೆ ನೋವಾಗಿದ್ದು ನನಗೆ ಅರ್ಥವಾಗದೆ ಇಲ್ಲ. ಈ ಸಭೆಯನ್ನು ಕಟ್ಟಿದವರು ನೀವು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಇಲ್ಲಿಯ ದೊಡ್ಡ ದೊಡ್ಡ ಸಭೆಗಳು ಸೇರಿ ಒಂದಾದಾಗ ನಮ್ಮ ಕೋಲಾರದ ಮೆಥೊಡಿಸ್ಟರು ಹೊರಗೇ ಉಳಿದರು. ಆಮೇಲೆ ಗಿರಣಿ ಕೆಲಸಕ್ಕೆಂದು ನಾವು ಒಂದಷ್ಟು ಮನೆಯವರು ಮಾಗಡಿ ರಸ್ತೆಯ ಆಚೆ ಈಚೆ ಬಾಡಿಗೆಗೆ ಬಂದೆವು. ಊರಿನ ಸಭೆಗೆ ದೂರವಾದೆವು, ಇಲ್ಲಿಯ ಸಭೆಗಳಿಗೆ ಹತ್ತಿರವಾಗಲಿಲ್ಲ. ಆಗ ನಮ್ಮ ಮನೆಯ ಮುಂದಿನ ಹಾಲಿನಲ್ಲಿ ಚಾಪೆ ಹಾಸಿ, ಮಗ್ಗದ ಸದ್ದು ಕೇಳಿ ಕೇಳಿ ಮಂದವಾಗಿದ್ದ ಕಿವಿಯವರಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ಭಾನುವಾರ ಅನ್ನುವುದನ್ನು ನಮಗೆ ಮತ್ತೆ ತಂದುಕೊಟ್ಟವರು ನೀವು. ಯಾವ ಬಿಷಪ್ಪರೂ ನಿಮ್ಮ ತಲೆಯ ಮೇಲೆ ಕೈ ಇಟ್ಟಿರಲಿಲ್ಲ. ನೀವೂ ಇಟ್ಟಿದ್ದಾರೆಂದು ಹೇಳಿಕೊಳ್ಳಲಿಲ್ಲ. ಕರ್ತನ ಭೋಜನ ಕೊಡುವ ಅಧಿಕಾರ ನನಗಿಲ್ಲ ಎಂದು ಅದನ್ನು ಮುಟ್ಟದೆ, ನಮ್ಮ ಹಳಬರ ಪ್ರೀತಿಭೋಜನವನ್ನು ಹಿಡಿದುಕೊಂಡಿರಿ. ಅದಕ್ಕೆ ಪಾದ್ರಿ ಬೇಡ. ರೊಟ್ಟಿ ಬೇಕು, ನೀರು ಬೇಕು, ದೇವರು ಮಾಡಿದ ಒಂದು ಉಪಕಾರವನ್ನು ಬಾಯಿಬಿಟ್ಟು ಹೇಳುವ ಮನಸ್ಸು ಬೇಕು.

ಮೊದಲನೇ ಸಲ ಆ ರೊಟ್ಟಿಗೂ ಗತಿಯಿರಲಿಲ್ಲ, ನೆನಪಿದೆಯೇ. ಬೇಕರಿ ಬಾಗಿಲು ಹಾಕಿತ್ತು. ಜನ ಬಂದು ಕುಳಿತಿದ್ದರು. ನಾನು ಹಿತ್ತಲಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದುದನ್ನು ನೋಡಿ ಮನೆಯ ಒಡತಿ ನೀಲಗಂಗಮ್ಮನವರು ಕಾಂಪೌಂಡಿನ ಆಚೆಯಿಂದ ಏನಾಯಿತು ಎಂದು ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ಅವರ ಮನೆಗೆಂದು ತಟ್ಟಿದ್ದ ರಾಗಿ ರೊಟ್ಟಿಯನ್ನು ಒಂದು ಬುಟ್ಟಿಯಲ್ಲಿಟ್ಟು, ಜೊತೆಗೆ ಬೆಲ್ಲದ ಪಾನಕ ಮಾಡಿ ತಂದುಕೊಟ್ಟರು. ತಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ಹೇಗೆ. ನೀವು ಬನ್ನಿ ಕೂತ್ಕೊಳ್ಳಿ ತಾಯಿ ಎಂದಿರಿ. ಹಣೆಯ ವಿಭೂತಿ, ಕೊರಳ ಲಿಂಗ ಸಮೇತ ಅವರು ನಮ್ಮ ಸಭೆಯ ಮಾರ್ಥಮ್ಮನ ಪಕ್ಕ ಕುಳಿತು ರೊಟ್ಟಿ ಮುರಿದುಕೊಂಡರು. ಅಂದಿನಿಂದ ನಮ್ಮ ಪ್ರೀತಿಭೋಜನವೆಂದರೆ ರಾಗಿ ರೊಟ್ಟಿ, ಪಾನಕ ಮತ್ತು ನೀಲಗಂಗಮ್ಮ. ಆಮೇಲೆ ಹಾಲು ಮಾರುವ ಮುನಿಲಕ್ಷ್ಮಮ್ಮ ಬಂದಳು. ಹಿಂದಿನ ಸಾಲಿನ ಮನೆಗಳವರೂ ಒಬ್ಬೊಬ್ಬರಾಗಿ ಬಂದರು.

ಈ ಹಳೆಯದನ್ನೆಲ್ಲ ಅಪ್ಪನಿಗೇ ಯಾಕೆ ಬರೆಯುತ್ತಿದ್ದೀಯಾ ಅಮ್ಮ ಎಂದು ಪ್ರೇಮಲೀಲಾ ನಗುತ್ತಿದ್ದಾಳೆ. ನಿನ್ನೆ ನಡೆದದ್ದಕ್ಕೆಲ್ಲ ಆ ರೊಟ್ಟಿಯೇ ಕಾರಣ, ಅದಕ್ಕೆ ಬರೆಯುತ್ತಿದ್ದೇನೆ.

ನೀವು ಹೋದ ಮೇಲೆ ಮನೆಮನೆಯಲ್ಲಿ ಮಾತು ಬಿಸಿಯಾಯಿತು. ಸೇರಬೇಕು ಅನ್ನುವವರಿಗೆ ಇಮ್ಮಾನುವೇಲನೇ ಮುಂದಾಳು. ನೀವೇ ಅಕ್ಷರ ತಿದ್ದಿಸಿದ ಹುಡುಗ, ಈಗ ರಾಜಾಜಿನಗರದ ಕಾರ್ಖಾನೆಯಲ್ಲಿ ಗುಮಾಸ್ತ, ಕಾನೂನು ಮಾತಾಡುತ್ತಾನೆ. ಅವನು ಹೇಳುವುದು ಸುಳ್ಳೇನೂ ಅಲ್ಲ. ಅವನ ತಂಗಿಯ ಮದುವೆ ಗೊತ್ತಾಗಿದೆ, ಗಂಡಿನ ಕಡೆಯವರು ನಿಮ್ಮ ಸಭಾಪಾಲಕರು ಯಾರು ಎಂದು ಕೇಳಿದರೆ ಅವನ ಹತ್ತಿರ ಉತ್ತರವಿಲ್ಲ. ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಯಾರ ಯಾರ ಬಾಗಿಲಿಗೋ ಹೋಗಬೇಕು. ಬೇಡ ಅನ್ನುವವರು ಹಳಬರು, ಉಪದೇಶಿಗಳನ್ನು ಮೂಲೆಗೆ ಕೂರಿಸುವುದಕ್ಕಾ ಇದೆಲ್ಲ ಎನ್ನುತ್ತಿದ್ದರು. ನೀರಿನ ನಲ್ಲಿಯ ಹತ್ತಿರ ಒಬ್ಬರು ಬಂದರೆ ಇನ್ನೊಬ್ಬರು ಬಿಂದಿಗೆ ಎತ್ತಿಕೊಂಡು ಹೊರಡುವಷ್ಟಕ್ಕೆ ಬಂತು.

ಅದಕ್ಕೆ ನಾನೊಂದು ಕೆಲಸ ಮಾಡಿದೆ. ನಿಮ್ಮನ್ನು ಕೇಳದೆ ಮಾಡಿದೆ, ಕೇಳುವುದಕ್ಕೆ ನೀವು ಇರಲಿಲ್ಲ. ಮೊದಲನೇ ಭಾನುವಾರ ಆಗಬೇಕಿದ್ದ ಪ್ರೀತಿಭೋಜನವನ್ನು ಮುಂದಕ್ಕೆ ಹಾಕಿ, ಕೈ ಎತ್ತುವ ದಿನಕ್ಕೇ ಇಟ್ಟುಕೊಂಡೆ. ಮೊದಲು ರೊಟ್ಟಿ, ಆಮೇಲೆ ಮತ. ಮನಸ್ಸಿನಲ್ಲಿ ಯಾರ ಮೇಲಾದರೂ ಸಿಟ್ಟಿದ್ದರೆ ಅವರ ಕೈಯಿಂದ ರೊಟ್ಟಿ ತೆಗೆದುಕೊಳ್ಳಕೂಡದು, ಮೊದಲು ಸರಿಮಾಡಿಕೊಳ್ಳಬೇಕು ಎಂದು ನೀವೇ ಅಲ್ಲವೇ ಪ್ರತಿ ಸಲ ಹೇಳುವುದು. ನಲ್ಲಿಯ ಹತ್ತಿರ ಮುಖ ತಿರುಗಿಸಿದವರು ರೊಟ್ಟಿಯ ಮುಂದೆ ಏನು ಮಾಡುತ್ತಾರೋ ನೋಡೋಣ ಎಂದುಕೊಂಡೆ.

ಡಯಾಸಿಸ್‌ನಿಂದ ಇಬ್ಬರು ಬಂದಿದ್ದರು. ಸಭಾಪಾಲಕರಾದ ಸತ್ಯಮಿತ್ರರವರು ವಯಸ್ಸಾದವರು, ಮಾತು ಕಡಿಮೆ. ಜೊತೆಗೆ ಬಂದ ಕಾರ್ಯದರ್ಶಿಗಳಿಗೆ ಕೈಯಲ್ಲಿ ಪೆನ್ಸಿಲು ಇಲ್ಲದಿದ್ದರೆ ಕುಳಿತುಕೊಳ್ಳಲೂ ಬಾರದು ಅನ್ನಿಸಿತು. ನೀವು ಕೂರುವ ಮಣೆಯನ್ನು ಖಾಲಿಯಾಗಿಯೇ ಬಿಟ್ಟಿದ್ದೆವು. ಸಭಾಪಾಲಕರು ಅದನ್ನು ನೋಡಿ, ಯಾರದ್ದೆಂದು ಕೇಳಿ, ಅದರ ಪಕ್ಕದ ಚಾಪೆಯ ಮೇಲೆ ಕುಳಿತರು. ಅದು ನನಗೆ ಹಿಡಿಸಿತು.

ರೊಟ್ಟಿ ಕೈಯಿಂದ ಕೈಗೆ ಬಂತು. ಇಮ್ಮಾನುವೇಲನಿಗೆ ಕೊಡಬೇಕಾದವರು ಮಾರ್ಥಮ್ಮ. ಹಿಂದಿನ ವಾರವಷ್ಟೇ ಅವನು ಅವರಿಗೆ, ನಿಮಗೇನು ಗೊತ್ತಾಗುತ್ತೆ ಸುಮ್ನಿರಿ ಎಂದಿದ್ದನಂತೆ. ಮಾರ್ಥಮ್ಮ ರೊಟ್ಟಿ ಹಿಡಿದುಕೊಂಡು ಅವನನ್ನೇ ನೋಡುತ್ತಾ ಕುಳಿತರು. ಕೊಡಲಿಲ್ಲ, ಕೆಳಗಿಡಲೂ ಇಲ್ಲ. ಕೊನೆಗೆ ಅವನು ತಪ್ಪಾಯ್ತು ಕಣಮ್ಮಾ, ಬಾಯ್ ಜಾಸ್ತಿ ಆಯ್ತು ಎಂದ. ಅವರು ದೊಡ್ಡ ತುಂಡನ್ನೇ ಮುರಿದುಕೊಟ್ಟರು. ನಲ್ಲಿಯ ಜಗಳಗಳೂ ಹಾಗೆಯೇ ಒಂದೊಂದಾಗಿ ಬಗೆಹರಿದವು.

ಆಮೇಲೆ ಉಪಕಾರ ಹೇಳುವ ಸರದಿ. ಮುನಿಲಕ್ಷ್ಮಮ್ಮ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ನಮ್ಮ ಕೆಂದಿ ಹಸುವಿನ ಕರು ಹೊಟ್ಟೇಲೇ ಅಡ್ಡ ಆಗಿತ್ತು, ನಿಮ್ಮ ಸ್ವಾಮಿ ಕಣ್ಬಿಟ್ಟ, ತಾಯಿ ಮಗು ಎರಡೂ ಉಳಿದ್ವು ಎಂದಳು. ಕಾರ್ಯದರ್ಶಿಗಳ ಪೆನ್ಸಿಲು ನಿಂತಿತು. ಮಾರ್ಥಮ್ಮ ತನ್ನ ಗಂಡನಿಗೆ ಮಣ್ಣು ಸಿಕ್ಕಿದ್ದಕ್ಕೆ ವಂದನೆ ಹೇಳಿದರು. ಬಂದವರಿಗೆ ಗೊತ್ತಿರಲಿಲ್ಲವಾದ್ದರಿಂದ ಅದನ್ನೂ ವಿವರಿಸಿದರು. ಹೋದ ವರ್ಷ ಸಮುವೇಲಪ್ಪನವರು ತೀರಿಕೊಂಡಾಗ ನೀವು ಒಂದು ಸ್ಮಶಾನದಿಂದ ಇನ್ನೊಂದಕ್ಕೆ ಅಲೆದದ್ದು, ಎಲ್ಲರೂ ಯಾವ ಸಭೆ, ಸಭಾಪಾಲಕರ ಚೀಟಿ ಎಲ್ಲಿ ಎಂದು ಕೇಳಿದ್ದು, ಹೆಣ ಬೆಳಗಿನಿಂದ ನಮ್ಮ ಜಗಲಿಯಲ್ಲೇ ಇದ್ದದ್ದು. ಮಧ್ಯಾಹ್ನ ಕಳೆದ ಮೇಲೆ ನೀಲಗಂಗಮ್ಮನವರ ಯಜಮಾನರು ಸೋಮಲಿಂಗಪ್ಪನವರು ಬಂದು, ಸುಂಕದಕಟ್ಟೆ ಹತ್ರ ನಮ್ಮ ಹೊಲ ಇದೆ, ನಮ್ಮಮ್ಮನ್ನೂ ಅಲ್ಲೇ ಇಟ್ಟಿರೋದು, ಬನ್ನಿ ಎಂದದ್ದು.

ಮಾರ್ಥಮ್ಮ ಗುಣಿಯ ವಿಷಯವನ್ನೂ ಬಿಡಲಿಲ್ಲ. ಸೋಮಲಿಂಗಪ್ಪನವರ ಆಳುಗಳು ತಮ್ಮವರಿಗೆ ತೋಡುವ ಹಾಗೆಯೇ ಚೌಕಾಕಾರವಾಗಿ, ಆಳವಾಗಿ, ಬಹಳ ಅಚ್ಚುಕಟ್ಟಾಗಿ ತೋಡಿಟ್ಟಿದ್ದರು. ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ನಾವು ಉದ್ದನೆಯ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಆ ಗುಣಿಯ ಮುಂದೆ ನಿಂತೆವು. ಅವರು ನಮ್ಮ ಪೆಟ್ಟಿಗೆ ನೋಡಿದರು, ನಾವು ಅವರ ಗುಣಿ ನೋಡಿದೆವು. ಆಗ ನೀವು ಕೋಟು ಬಿಚ್ಚಿಟ್ಟು ಗುದ್ದಲಿ ತೆಗೆದುಕೊಂಡು ಇಳಿದಿರಿ. ನಮ್ಮೆಜಮಾನ್ರು ಬದುಕಿದ್ದಾಗ ಕೂತವ್ರೇ ಅಲ್ಲ, ಸತ್ತ ಮೇಲೆ ಕೂರಿಸೋಕೆ ಹೋದ್ರೆ ಕೂರ್ತಾರಾ ಎಂದು ಮಾರ್ಥಮ್ಮ ನಿನ್ನೆ ಹೇಳಿದಾಗ ಸಭಾಪಾಲಕರೂ ನಕ್ಕರು. ಮಾರ್ಥಮ್ಮನೂ ನಗುತ್ತಲೇ ಕಣ್ಣೊರೆಸಿಕೊಂಡರು.

ಮತಕ್ಕೆ ಬಂದೆವು. ಕಾರ್ಯದರ್ಶಿಗಳು ಎರಡು ಕಡೆಯನ್ನೂ ಸರಿಯಾಗಿಯೇ ತಿಳಿಸಿ ಹೇಳಿದರು. ಸೇರಲು ಒಪ್ಪುವವರು ಕೈ ಎತ್ತಿ ಎಂದರು, ಎತ್ತಿದರು, ಬರೆದುಕೊಂಡರು. ಬೇಡ ಅನ್ನುವವರು ಎತ್ತಿ ಎಂದರು. ನೋಡಿದರೆ ಹಾಲಿನ ತುಂಬ ಕೈ. ಅವರು ಎಣಿಸಿದರು, ಕಾಗದ ನೋಡಿದರು, ಇಮ್ಮಾನುವೇಲನನ್ನು ಕರೆದು ಏನೋ ಕೇಳಿದರು, ಮತ್ತೆ ಎಣಿಸಿದರು. ನಮ್ಮ ಮನೆಗಳ ತಲೆಗಳಿಗಿಂತ ಕೈಗಳೇ ಹೆಚ್ಚಾಗಿದ್ದವು. ನೀಲಗಂಗಮ್ಮ ಬಳೆಯ ಕೈಯನ್ನು ನೆಟ್ಟಗೆ ಎತ್ತಿದ್ದರು. ಮುನಿಲಕ್ಷ್ಮಮ್ಮ ಎತ್ತಿದ್ದಳು. ಹಿಂದಿನ ಸಾಲಿನವರು ಎತ್ತಿದ್ದರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದ ಸೋಮಲಿಂಗಪ್ಪನವರೂ, ಹೆಂಡತಿ ಎತ್ತಿದ್ದಾರೆಂದು, ಅರ್ಧ ಎತ್ತಿದ್ದರು.

ತಪ್ಪು ಅವರದ್ದಲ್ಲ. ಇಷ್ಟು ವರ್ಷ ಇಲ್ಲಿ ಯಾರು ಸಭೆಯವರು, ಯಾರು ನೆರೆಯವರು ಎಂದು ನೀವೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ರೊಟ್ಟಿ ಮುರಿ ಎಂದಾಗ ಮುರಿದವರು, ಕೈ ಎತ್ತಿ ಎಂದಾಗ ಎತ್ತಿದರು. ಕಾರ್ಯದರ್ಶಿಗಳು ಮೆಲ್ಲಗೆ, ಇವರೆಲ್ಲ ದೀಕ್ಷಾಸ್ನಾನ ಆದವರೇನು ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಕಾನೂನು ಮಾತಾಡುವ ಇಮ್ಮಾನುವೇಲ ಚಾಪೆಯ ನೂಲು ಕೀಳುತ್ತಾ ಕುಳಿತ. ಒಂದು ಮಾತು ಹೇಳಿದ್ದರೆ ಅವನ ಕಡೆ ಆಗಲೇ ಗೆದ್ದಿರುತ್ತಿತ್ತು, ಅವನು ಹೇಳಲಿಲ್ಲ. ಆ ಹುಡುಗನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೇ ಮುಗಿಯಿತು.

ನೀಲಗಂಗಮ್ಮನವರು ಎತ್ತಿದ ಕೈ ಇಳಿಸದೆ ನನ್ನ ಕಡೆ ಬಾಗಿ, ಏನ್ ಕೇಳ್ತಾ ಇದಾರೆ ದಯಾವತಮ್ಮ ಎಂದರು. ನಾನೇ ಹೇಳಬೇಕಾಯಿತು. ಇಷ್ಟು ಕಷ್ಟದ ಮಾತನ್ನು ನಾನು ಯಾವತ್ತೂ ಆಡಿಲ್ಲ. ಇದು ಸಭೆಗೆ ಸೇರಿದವರು ಮಾತ್ರ ಎತ್ತೋದಂತೆ ಅಕ್ಕಾ ಎಂದೆ. ಹಾಗಾದ್ರೆ ನಾನು ಯಾವ ಸಭೆಗೆ ಸೇರಿದೋಳು ಎಂದು ಅವರು ಕೇಳಿದ್ದು ಕೊಂಕಿಗಲ್ಲ, ನಿಜವಾಗಿಯೂ ತಿಳಿಯದೆ. ಅವರು ನನ್ನ ಮುಖ ನೋಡಿ ಕೈ ಇಳಿಸಿದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಅವರು ಎದ್ದು ಸಭಾಪಾಲಕರ ಕಡೆ ತಿರುಗಿ ನಿಂತರು. ನನ್ನ ಎಣಿಸ್ಬೇಡಿ ಸ್ವಾಮಿ, ಆದ್ರೆ ಒಂದ್ ಮಾತು ಹೇಳ್ತೀನಿ ಎಂದರು. ಮಕ್ಳ ಮದುವೆಗೆ, ಪಾಠಕ್ಕೆ ಅಂತ ಇವ್ರು ನಿಮ್ಮನ್ನ ಸೇರೋದಾದ್ರೆ ಧಾರಾಳವಾಗಿ ಸೇರ್ಲಿ, ನಮ್ಮ ಮಕ್ಳೇ ಅವ್ರು. ಮಣ್ಣಿಗೋಸ್ಕರ ಮಾತ್ರ ಸೇರೋದು ಬೇಡ. ಮಣ್ಣು ನಮ್ಮ ಹತ್ರ ಇದೆ, ಯಾವಾಗ್ಲೂ ಇರುತ್ತೆ. ಇಷ್ಟು ಹೇಳಿ ಕುಳಿತುಬಿಟ್ಟರು. ಬಾಗಿಲಲ್ಲಿ ಸೋಮಲಿಂಗಪ್ಪನವರು ಹೂಂ ಎಂದರು. ಅವರು ಮಾತಾಡಿದ್ದು ಅಷ್ಟೇ.

ಸಭಾಪಾಲಕರು, ಮೊದಲಿನ ಲೆಕ್ಕ ಹೊಡೆದುಹಾಕಿ, ಈ ತಾಯಿ ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಸಭೆಯವರು ಇನ್ನೊಮ್ಮೆ ಕೈ ಎತ್ತಲಿ ಎಂದರು. ಹೆದರಿ ಸೇರುವವರು ನಮಗೆ ಬೇಡ ಎಂದೂ ಅಂದರು. ಎರಡನೇ ಸಲ ಎತ್ತಿದಾಗ ಸೇರುವವರೇ ಸ್ವಲ್ಪ ಹೆಚ್ಚಾದರು. ಗಂಡನನ್ನು ಸುಂಕದಕಟ್ಟೆಯ ಹೊಲದಲ್ಲಿ ಮಲಗಿಸಿರುವ ಮಾರ್ಥಮ್ಮನೂ ಸೇರುವುದಕ್ಕೇ ಎತ್ತಿದರು. ಅವ್ರಿಗೇನು, ಹೊಂಗೆ ನೆರಳಲ್ಲಿ ಚೆನ್ನಾಗವ್ರೆ, ಈ ಹುಡುಗ್ರಿಗೆ ಒಂದು ದಾರಿ ಆಗ್ಲಿ ಎಂದರು. ನಮ್ಮ ಪ್ರೇಮಲೀಲಾಳೂ ಹಾಗೇ ಎತ್ತಿದಳು. ನಾನು ಯಾವ ಕಡೆಗೆ ಎತ್ತಿದೆ ಎಂದು ಬರೆಯುವುದಿಲ್ಲ. ಬೇಕಿದ್ದರೆ ಬಂದು ಕೇಳಿ.

ಲೆಕ್ಕ ಓದಿದ ತಕ್ಷಣ ಇಮ್ಮಾನುವೇಲ ಎದ್ದು ನಿಂತ. ಗೆದ್ದವನ ಮುಖವಾಗಿರಲಿಲ್ಲ. ಪ್ರೀತಿಭೋಜನ ಇದೇ ಹಾಲಿನಲ್ಲಿ, ಇದೇ ರೊಟ್ಟಿಯಲ್ಲಿ, ಬರುವವರೆಲ್ಲರ ಜೊತೆ, ಉಪದೇಶಿಗಳ ಕೈಯಿಂದಲೇ ನಡೆಯಬೇಕು, ಅದಕ್ಕೆ ನೀವು ಒಪ್ಪದಿದ್ದರೆ ನಾನು ಎತ್ತಿದ ಕೈಯನ್ನು ಇಳಿಸಿಕೊಳ್ಳುತ್ತೇನೆ ಎಂದ. ಸಭಾಪಾಲಕರು, ಅದಕ್ಕೆ ನನ್ನ ಅಪ್ಪಣೆಯೇ ಬೇಕಿಲ್ಲ, ಅದು ಯಾವತ್ತೂ ಜನರದ್ದೇ ಎಂದರು. ಅವರು ತಿಂಗಳಿಗೆರಡು ಭಾನುವಾರ ಬರುತ್ತಾರೆ, ಕರ್ತನ ಭೋಜನ ಕೊಡುತ್ತಾರೆ. ಉಳಿದ ಭಾನುವಾರಗಳು ನಿಮ್ಮವು. ಅದಕ್ಕೆ ನೀವು ಅವರ ಒಂದು ಪರೀಕ್ಷೆ ಬರೆಯಬೇಕಂತೆ. ಈ ವಯಸ್ಸಿನಲ್ಲಿ ನೀವು ಪರೀಕ್ಷೆಗೆ ಕೂರುವುದನ್ನು ನೋಡಲು ಪ್ರೇಮಲೀಲಾ ಈಗಲೇ ಪೆನ್ನಿಗೆ ಮಸಿ ತುಂಬಿ ಇಟ್ಟಿದ್ದಾಳೆ. ಹೊರಡುವಾಗ ಸಭಾಪಾಲಕರು ಉಳಿದಿದ್ದ ರೊಟ್ಟಿಯನ್ನು ಕರವಸ್ತ್ರದಲ್ಲಿ ಕಟ್ಟಿಸಿಕೊಂಡರು. ಕಾರ್ಯದರ್ಶಿಗಳು ಎರಡನೇ ಲೋಟ ಪಾನಕ ಕೇಳಿ ಕುಡಿದರು.

ನಿಮ್ಮ ಮೇಲೆ ನನಗೆ ಕೋಪವಿತ್ತು. ನಿನ್ನೆಯಿಂದ ಹುಡುಕುತ್ತಿದ್ದೇನೆ, ಎಲ್ಲೂ ಸಿಗುತ್ತಿಲ್ಲ. ನೀವು ಕಟ್ಟಿದ್ದು ಎಲ್ಲಿ ಮುರಿಯುತ್ತದೋ ಎಂದು ನೋಡಲಾರದೆ ಹೋದಿರಿ, ಅದು ಎಷ್ಟು ಗಟ್ಟಿಯಾಗಿದೆ ಎಂದು ನಾನು ಕುಳಿತು ನೋಡಿದೆ. ನೋಡಬೇಕಾದವರು ನೀವಾಗಿದ್ದಿರಿ. ಡಯಾಸಿಸ್‌ನವರ ಮುಂದೆ ಯಾರು ಒಳಗಿನವರು, ಯಾರು ಹೊರಗಿನವರು ಎಂದು ಬೆರಳು ತೋರಿಸಲು ಒಬ್ಬರಿಗೂ ಬಾಯಿ ಬರಲಿಲ್ಲವಲ್ಲ, ಅದನ್ನು ಕಲಿಸಿದವರು ನೀವು. ಅದಕ್ಕೆ ನಾನು ದೇವರಿಗೆ ಕೃತಜ್ಞಳು, ನಿಮಗೂ ಕೃತಜ್ಞಳು. ನಿಮ್ಮ ಎದುರಿಗೆ ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಹಾಗಾಗಿ ಒಂದು ಲೆಕ್ಕಕ್ಕೆ ನೀವು ಊರಿಗೆ ಹೋದದ್ದೂ ಒಳ್ಳೆಯದೇ ಆಯಿತು.

ಮುಂದಿನ ಪ್ರೀತಿಭೋಜನ ಆಗಸ್ಟ್ ಮೊದಲನೇ ಭಾನುವಾರ. ರಾಗಿ ಹಿಟ್ಟು ನೀಲಗಂಗಮ್ಮನವರ ಮನೆಯದು, ಬೆಲ್ಲ ನಮ್ಮದು. ಮಣೆ ಗೋಡೆಗೆ ಒರಗಿಸಿಟ್ಟಿದ್ದೇನೆ. ನನ್ನ ಕೈಯಿಂದ ರೊಟ್ಟಿ ತೆಗೆದುಕೊಳ್ಳಲು ನಿಮಗೆ ಮನಸ್ಸಿಲ್ಲದಿದ್ದರೆ ಅದಕ್ಕೆ ಮುಂಚೆ ಬಂದು ಸರಿಮಾಡಿಕೊಳ್ಳಬೇಕು. ನಿಯಮ ನಿಮ್ಮದೇ.

ಅಕ್ಕನವರಿಗೆ ನನ್ನ ವಂದನೆ ತಿಳಿಸಿ.

ನಿಮ್ಮ ದಾರಿ ನೋಡುತ್ತಿರುವ,
ದಯಾವತಿ

ಮತ್ತೆ:

ಬರೆಯುವುದಿಲ್ಲ ಎಂದಿದ್ದೆ, ಆದರೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನಾನು ಬೇಡ ಅನ್ನುವವರ ಜೊತೆ ಕೈ ಎತ್ತಿದೆ. ಸೋತವರ ಕಡೆ, ನಿಮ್ಮ ಕಡೆ.

ಮೊದಲು ಸೇರಬೇಕು ಎಂದಿದ್ದು ಯಾಕೆಂದು ನೀವು ಕೇಳಲೇ ಇಲ್ಲ. ದೊಡ್ಡ ಚರ್ಚು, ಗಂಟೆ, ನಾಲ್ಕು ಜನರ ಮುಂದೆ ಮರ್ಯಾದೆ ಇವುಗಳಿಗಾಗಿ ಎಂದುಕೊಂಡಿರಿ. ಸಮುವೇಲಪ್ಪನವರ ಗುಣಿಯನ್ನು ನೀವು ಕೆಮ್ಮುತ್ತಾ ಕೆಮ್ಮುತ್ತಾ ಉದ್ದ ಮಾಡುತ್ತಿದ್ದಿರಲ್ಲ, ಆಗ ನಾನು ಮೇಲೆ ನಿಂತು ನಿಮ್ಮನ್ನೇ ನೋಡುತ್ತಿದ್ದೆ. ಗಿರಣಿಯ ಹತ್ತಿಯ ಧೂಳು ಎದೆಯಿಂದ ಹೋಗುವುದಿಲ್ಲ ಎಂದು ಡಾಕ್ಟರು ನಿಮಗೆ ಹೇಳಿಲ್ಲ, ನನಗೆ ಹೇಳಿದ್ದಾರೆ. ಇವರನ್ನೂ ಹೀಗೆ ಬೆಳಗಿನಿಂದ ಜಗಲಿಯಲ್ಲಿ ಮಲಗಿಸಿಕೊಂಡು ನಾನು ಯಾರ ಬಾಗಿಲಿಗೆ ಹೋಗಲಿ ಎಂದು ಅಂದಿನಿಂದ ಹೆದರಿದ್ದೆ. ನಿಮ್ಮ ಮುಖ ನೋಡಿ ಇದನ್ನು ಹೇಗೆ ಹೇಳುವುದು. ನಿನ್ನೆ ನೀಲಗಂಗಮ್ಮನವರು ಆ ಮಾತು ಆಡಿದ ಮೇಲೆ ಹೆದರಿಕೆ ಹೋಯಿತು. ಹೆದರಿಕೆ ಹೋದ ಮೇಲೆ ಕೈ ತಾನಾಗಿ ನಿಮ್ಮ ಕಡೆಗೇ ಎದ್ದಿತು.

ಹೋದ ವರ್ಷ ನಮಗೆ ಒಂದು ಕಡೆಯೂ ಜಾಗವಿರಲಿಲ್ಲ. ಈಗ ಎರಡು ಕಡೆ ಇದೆ, ಡಯಾಸಿಸ್‌ನ ಸ್ಮಶಾನದಲ್ಲೂ ಸುಂಕದಕಟ್ಟೆಯ ಹೊಲದಲ್ಲೂ. ಸಂಜೆ ನೀಲಗಂಗಮ್ಮನವರು ಬಂದು, ಹೊಂಗೆ ಮರದ ಆಚೆ ನಿಮ್ಮಿಬ್ರಿಗೂ ಆಗುತ್ತೆ, ಉದ್ದಕ್ಕೆ ತೋಡ್ಬೇಕು ಅನ್ನೋದೂ ಈಗ ನಮ್ಮ ಆಳುಗಳಿಗೆ ಗೊತ್ತು ಎಂದರು. ಅವಸರ ಏನೂ ಇಲ್ಲ, ಮೊದಲು ಅವರು ಮಾಲೂರಿನಿಂದ ಬರಲಿ ಎಂದು ಹೇಳಿದ್ದೇನೆ.